ಹೊಸಬರು ಕೋಡಿಂಗ್ ಡೌಟ್ ಹೇಗೆ ಕೇಳ್ಬೇಕು?
"ಕೋಡ್ ವರ್ಕ್ ಆಗ್ತಿಲ್ಲ, ಹೆಲ್ಪ್ ಮಾಡಿ" ಅಂತ ಹಾಕಿದ್ರೆ ಯಾಕೆ ಯಾರೂ ಉತ್ತರ ಕೊಡಲ್ಲ ಅಂತ ಕೇಳಿದೀರ. ಅದರಲ್ಲಿ ಹಿಡ್ಕೊಳೋಕೆ ಏನೂ ಇಲ್ಲ, ಅದಕ್ಕೆ. ಪೈಥಾನ್ ಭಾಷೇಲಿ ಬರೆದ ಕೋಡ್ ಆದ್ರೆ ಎರರ್ ಮೆಸೇಜ್ ಪೂರ್ತಿ ಕಾಪಿ ಮಾಡಿ ಹಾಕಿ, ಕೊನೇ ಸಾಲಲ್ಲಿ "ಲಿಸ್ಟ್ ಇಂಡೆಕ್ಸ್ ಔಟ್ ಆಫ್ ರೇಂಜ್" ಅಂತಿದ್ರೆ ಅರ್ಧ ಉತ್ತರ ಅಲ್ಲೇ ಸಿಕ್ತು, ಎಣಿಕೆ ಸೊನ್ನೆಯಿಂದ ಶುರು ಅನ್ನೋದು ಮರೆತು 3 ಐಟಂ ಇರೋ ಲಿಸ್ಟಲ್ಲಿ ಇಂಡೆಕ್ಸ್ (ಐಟಂ ಎಷ್ಟನೇದು ಅನ್ನೋ ನಂಬರ್) 3 ಕೇಳಿರ್ತೀರ, ಇರೋದು 0, 1, 2 ಮಾತ್ರ. ಫೋನಲ್ಲಿ ತೆಗೆದ ಕೋಡಿನ ಫೋಟೋ ಮಾತ್ರ ದಮ್ಮಯ್ಯ ಬೇಡ, ಅದನ್ನ ರನ್ ಮಾಡಕ್ಕಾಗಲ್ಲ. 500 ಸಾಲು ಕೋಡ್ ಸುರೀಬೇಡಿ, ತೊಂದ್ರೆ ಕೊಡೋ ಹತ್ತು ಸಾಲಿಗೆ ಇಳಿಸಿ (ಇಳಿಸ್ತಾ ಇಳಿಸ್ತಾನೇ ಎಷ್ಟೋ ಸಲ ತಪ್ಪು ಸಿಕ್ಬಿಡತ್ತೆ), ಪಾಸ್‌ವರ್ಡ್ ಇದ್ರೆ ಅಳಿಸಿ, ಏನೇನು ಟ್ರೈ ಮಾಡಿದ್ರಿ ಅಂತನೂ ಹೇಳಿ. ಆಮೇಲೆ ನೀವೇ ಸರಿಮಾಡ್ಕೊಂಡ್ರೆ "ಸಾಲ್ವ್ ಆಯ್ತು" ಅಂದು ಮಾಯ ಆಗ್ಬೇಡಿ, ಹೇಗಾಯ್ತು ಅಂತ ಒಂದ್ ಸಾಲು ಹಾಕಿ.