ಸಿಂಥ್ ಬೇಡ, ಮೊದಲು ಮೂವರೇ ಕೂತು ನುಡಿಸಿ

ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನ ಗೋಗೋ ಪೆಂಗ್ವಿನ್ ಜಾಝ್ ತಂಡದ 2025ರ ಆಲ್ಬಂ ಕೇಳಿದ್ದೀರಿ. ಶಿರಸಿಯಲ್ಲಿ ನೀವು ಮೂವರು ಹಾಗೇ ನುಡಿಸಬೇಕು, ಯಾವ ಸಿಂಥ್ (ಬಗೆಬಗೆಯ ಎಲೆಕ್ಟ್ರಾನಿಕ್ ಸದ್ದು ಹುಟ್ಟಿಸುವ ಸಿಂಥಸೈಜರ್) ತಗೊಳ್ಳಲಿ ಅಂತ ಕೇಳಿದ್ದೀರಿ. ಯಾವುದೂ ಬೇಡ.

ಕಾರವಾರದಲ್ಲಿ ನಮ್ಮದೂ ಮೂವರ ತಂಡ ಇತ್ತು. ನನ್ನದು ಕೀಬೋರ್ಡ್. ಸಿನಿಮಾದ ಹಿನ್ನೆಲೆ ಸಂಗೀತದಂಥ ಸದ್ದು ಬರಲಿ ಅಂತ ಸಿಂಥ್ ತಂದೆ, ಜೊತೆಗೆ ಲ್ಯಾಪ್‌ಟಾಪ್ ಇಟ್ಟೆ. ಕೆಟ್ಟಿದ್ದು ಅಲ್ಲೇ. ಬೀಟು, ವಯಲಿನ್, ಕೊನೆಗೆ ಬೇಸ್ ಗಿಟಾರ್ ಕೂಡ ಲ್ಯಾಪ್‌ಟಾಪ್ ತಾನೇ ನುಡಿಸೋ ಟ್ರ್ಯಾಕಿಗೆ ತುಂಬಿಸಿದೆ. ಟೆಂಪೋ ನಿಮಿಷಕ್ಕೆ 124 ಬೀಟಿಗೆ ಕಟ್ಟಿದೆ. ಡ್ರಮ್ಮರ್ ಕಿವಿಗೆ ಇಯರ್‌ಫೋನ್, ಅದರಲ್ಲಿ ಬರೀ ಲಯ ಎಣಿಸೋ ಕ್ಲಿಕ್. ನಾನು ಒಂದು ಸ್ವರ ಸ್ವಲ್ಪ ಹೊತ್ತು ಹಿಡಿದರೂ ಅವನು ಕಾಯೋ ಹಾಗಿಲ್ಲ, ಟ್ರ್ಯಾಕ್ ಮುಂದೆ ಹೋಗಿರುತ್ತದೆ. ಬೇಸಿನವನು ನುಡಿಸಿದರೂ ಬಿಟ್ಟರೂ ಒಂದೇ.

ಕುಮಟಾದ ಒಂದು ಕಾರ್ಯಕ್ರಮದಲ್ಲಿ ಕರೆಂಟ್ ಹೋಯಿತು. ಜನರೇಟರ್ ಬಂತು, ಲ್ಯಾಪ್‌ಟಾಪಿನ ಸದ್ದು ಹೊರಗೆ ಕೊಡೋ ಸೌಂಡ್ ಕಾರ್ಡ್ ಮಾತ್ರ ಮತ್ತೆ ಹತ್ತಲಿಲ್ಲ. ಮೂರೂ ವಾದ್ಯ ಸರಿಯಾಗಿದ್ದವು. ಆದರೆ ಟ್ರ್ಯಾಕ್ ಇಲ್ಲದೆ ಶುರು ಮಾಡೋದು ಹೇಗೆ ಅಂತ ಒಬ್ಬರಿಗೂ ಗೊತ್ತಿರಲಿಲ್ಲ. ಬೇಸಿನವನು ಗಿಟಾರ್ ಚೀಲಕ್ಕೆ ಹಾಕುತ್ತಾ, ‘ನಾನು ಯಾಕೆ ಬೇಕು ಹೇಳು ಮಾರಾಯ’ ಅಂದ. ಆಮೇಲೆ ಅವನು ಬರಲಿಲ್ಲ, ತಂಡವೂ ಉಳಿಯಲಿಲ್ಲ.

ನೀವು ಮೆಚ್ಚಿದ ಮ್ಯಾಂಚೆಸ್ಟರ್‌ನವರನ್ನೇ ನೋಡಿ. ಅವರ ಬುಡ ಪಿಯಾನೊ, ಡಬಲ್ ಬೇಸ್, ಡ್ರಮ್ಸ್, ಅಷ್ಟೇ. ಅವರ 2016ರ ಆಲ್ಬಂನ ಎಷ್ಟೋ ಪೀಸುಗಳನ್ನು ಆಗಿನ ಡ್ರಮ್ಮರ್ ಮೊದಲು ಕಂಪ್ಯೂಟರಿನಲ್ಲಿ ಕಟ್ಟಿದ್ದ. ಆಮೇಲೆ ಮೂವರೂ ಅದನ್ನು ಕೈಯಲ್ಲಿ ನುಡಿಸೋದು ಕಲಿತರು. ನಾನು ಕೈಯಲ್ಲಿದ್ದದ್ದನ್ನು ಕಂಪ್ಯೂಟರಿಗೆ ಒಪ್ಪಿಸಿದೆ. ಅವರ ಸಂಗೀತದ ಸಿನಿಮಾ ಗುಣವೂ ಸಿಂಥಿನಿಂದ ಬಂದಿದ್ದಲ್ಲ. 1982ರ ಮಾತಿಲ್ಲದ ಒಂದು ಚಿತ್ರಕ್ಕೆ ಹೊಸ ಸಂಗೀತ ಮಾಡಿ, 2015ರಲ್ಲಿ ಪರದೆಯ ಜೊತೆಗೇ ಜನರೆದುರು ನುಡಿಸಿದವರು ಅವರು. ಹೊಸ ಆಲ್ಬಂನಲ್ಲಿ ಸಿಂಥ್ ಜಾಸ್ತಿ ಇದೆ, ನಿಜ. ಆದರೆ ಅವರ ಮೊದಲ ಆಲ್ಬಂ 2012ರದು. ನಡುವಿನ ವರ್ಷಗಳ ಸಾಧನೆ ಅಂಗಡಿಯಲ್ಲಿ ಸಿಗೋದಿಲ್ಲ.

ನಿಮ್ಮೂರ ಕಡೆ ಯಕ್ಷಗಾನದ ಆಟಕ್ಕೇನು ಬರವೇ? ಒಂದು ರಾತ್ರಿ ಚಂಡೆಯವರ ಹತ್ತಿರ ಕೂತು ನೋಡಿ. ವೇಷದ ಕುಣಿತ ನೋಡಿಕೊಂಡು ಭಾಗವತರು ಲಯ ಏರಿಸುತ್ತಾರೆ, ಮದ್ದಲೆ, ಚಂಡೆ ಜೊತೆಗೇ ಏರುತ್ತವೆ. ಯಾರ ಕಿವಿಯಲ್ಲೂ ಕ್ಲಿಕ್ ಇಲ್ಲ, ಅಲ್ವಾ?

ನೀವು ನಾಲ್ಕು ಸ್ವರದ ಒಂದು ತುಣುಕನ್ನು ಬದಲಾಯಿಸದೆ ನುಡಿಸುತ್ತಾ ಇರಿ. ಕೆಳಗೆ ಬೇಸ್ ಮಾತ್ರ ಬದಲಾಗಲಿ. ಡ್ರಮ್ಸ್‌ನಲ್ಲಿ ಹೈ-ಹ್ಯಾಟ್ (ಜೋಡಿ ತಾಳ) ಒಂದೇ ಸಮ ಓಡಲಿ, ಸ್ನೇರ್ (ಚಿಕ್ಕ ಡ್ರಮ್) ಪೆಟ್ಟು ಎಣಿಸಿದ ಜಾಗ ಬಿಟ್ಟು ಪಕ್ಕದಲ್ಲಿ ಬೀಳಲಿ. ಯಂತ್ರದಂಥ ಸದ್ದು ತಾನಾಗಿ ಬರುತ್ತದೆ. ಸಿಂಥಿಗೆ ಇಟ್ಟ ದುಡ್ಡಲ್ಲಿ ಬೇಸಿನವರಿಗೆ ದೊಡ್ಡ ಆಂಪ್ಲಿಫೈಯರ್ ಕೊಡಿಸಿ. ಚಿಕ್ಕದರಲ್ಲಿ ಕೆಳಗಿನ ಸ್ವರ ಒಡೆಯುತ್ತದೆ, ಡ್ರಮ್ಸ್ ಎದುರು ಕೇಳೋದೇ ಇಲ್ಲ.