ಪಾಲಿಕೆ ಮೀಟಿಂಗಲ್ಲಿ ಗಲಾಟೆ ಬಿಟ್ಟು ಬೇರೇನಾದ್ರೂ ನಡೆಯುತ್ತಾ?

ನೀವು ಕೇಳಿರೋದು ಇಷ್ಟು: ದಾವಣಗೆರೆಗೆ ಹೊಸಬರು, ಪೇಪರ್ ತೆಗೆದ್ರೆ ಮಹಾನಗರ ಪಾಲಿಕೆ ಸಾಮಾನ್ಯ ಸಭೆ ಅಂದ್ರೆ ಬರೀ ಗದ್ದಲದ ಸುದ್ದಿನೇ ಬರ್ತಿತ್ತು, ನಿಜವಾಗ್ಲೂ ಅಲ್ಲಿ ಕೆಲಸ ಅಂತ ಏನಾದ್ರೂ ಆಗುತ್ತಾ, ನಮ್ಮಂಥೋರು ಹೋಗಿ ಕೂತು ನೋಡಬಹುದಾ, ನಮ್ಮ ಬೀದಿ ಚರಂಡಿ ವಿಷಯ ಅಲ್ಲಿ ಎತ್ತಿಸೋದು ಹೆಂಗೆ.

ಆಗುತ್ತೆ. ಗಲಾಟೆ ನಿಂತ ಮೇಲೆ, ಎಲ್ರೂ ಊಟದ ಟೈಮ್ ಆಯ್ತು ಅಂತ ವಾಚ್ ನೋಡೋ ಹೊತ್ತಲ್ಲಿ ಆಗುತ್ತೆ. ನಾನು ಇಲ್ಲಿನ ಒಂದು ಲೋಕಲ್ ಪೇಪರ್‌ಗೆ ಪಾಲಿಕೆ ಸುದ್ದಿ ಮಾಡ್ತಿದ್ದೆ, ಪಿ.ಬಿ. ರೋಡಿನ ಪಾಲಿಕೆ ಕಟ್ಟಡದಲ್ಲಿ ಪ್ರೆಸ್‌ನವರಿಗೆ ಅಂತ ಹಾಕಿರೋ ಕುರ್ಚೀಲಿ ಕೂತು ಸುಮಾರು ಸಭೆ ನೋಡಿದೀನಿ, ಈಗ ಆ ಕೆಲಸದಲ್ಲಿಲ್ಲ ಹಂಗಾಗಿ ಆರಾಮಾಗಿ ಹೇಳ್ತೀನಿ. ಪೇಪರಲ್ಲಿ ಬರೀ ಗದ್ದಲ ಯಾಕೆ ಬರುತ್ತೆ ಅಂದ್ರೆ ಗದ್ದಲಕ್ಕೆ ಫೋಟೋ ಸಿಗುತ್ತೆ. ಒಬ್ರು ಮೆಂಬರ್ ಖಾಲಿ ಕೊಡ ಹೊತ್ಕೊಂಡು ಬಂದ್ರು, ಇನ್ನೊಬ್ರು ಕಪ್ಪು ನೀರು ತುಂಬಿದ ಬಾಟಲಿ ತಂದು ಮೇಯರ್ ಮುಂದೆ ಇಟ್ರು ಅಂದ್ರೆ ಮುಗೀತು, 'ಕಾವೇರಿದ ಚರ್ಚೆ' ಅಂತ ಹೆಡ್‌ಲೈನ್ ಡೆಸ್ಕಲ್ಲಿ ಮೊದಲೇ ರೆಡಿ ಇರುತ್ತೆ. ಅದು ಬಿಟ್ಟು ಇಂಥ ವಿಷಯಕ್ಕೆ ಘಟನೋತ್ತರ ಅನುಮೋದನೆ (ಕೆಲಸ ಆಗಿಹೋದ ಮೇಲೆ ಕೊಡೋ ಒಪ್ಪಿಗೆ) ಕೊಟ್ರು ಅಂತ ಬರೆದು ಕೊಟ್ರೆ 'ಇದನ್ನ ಯಾರ್ ಓದ್ತಾರಪ್ಪ' ಅಂತಿದ್ರು, ಅವರ ಮಾತೂ ನಿಜನೇ.

ಮೊದಲು ಒಳಗೆ ಯಾರ್ಯಾರು ಕೂರ್ತಾರೆ ನೋಡಿ. ದಾವಣಗೆರೆ ನಗರಸಭೆ ಪಾಲಿಕೆ ಆಗಿದ್ದು 2007ರಲ್ಲಿ, ಈಗ 45 ವಾರ್ಡ್, ವಾರ್ಡಿಗೊಬ್ರು ಚುನಾಯಿತ ಸದಸ್ಯರು. ಅವರ ಜೊತೆ ಸರ್ಕಾರ ಹಾಕೋ ನಾಮನಿರ್ದೇಶಿತರು 5 ಜನ, ಅವರು ಮಾತಾಡಬಹುದು ಓಟ್ ಹಾಕಂಗಿಲ್ಲ. ಎಂಎಲ್‌ಎ, ಎಂಪಿ ಕೂಡ ಸದಸ್ಯರೇ, ಇಲ್ಲಿನ ಮತದಾರರ ಪಟ್ಟೀಲಿ ಹೆಸರಿರೋ ಎಂಎಲ್‌ಸಿಗಳೂ ಸದಸ್ಯರೇ, ಮತ್ತೆ ಇವರಿಗೆ ಓಟ್ ಐತೆ. ಇದು ಎಷ್ಟು ಮುಖ್ಯ ಅಂತ 2020ರ ಫೆಬ್ರವರಿಯಲ್ಲಿ ಊರಿಗೆಲ್ಲ ಗೊತ್ತಾಯ್ತು. 2019ರ ನವೆಂಬರ್ ಚುನಾವಣೆಯಲ್ಲಿ ಕಾಂಗ್ರೆಸ್ 22, ಬಿಜೆಪಿ 17 ಗೆದ್ದಿದ್ವು, ಆದ್ರೂ ಮೊದಲ ಮೇಯರ್ ಆಗಿದ್ದು ಬಿಜೆಪಿಯವರು. ಪಕ್ಷೇತರರ ಜೊತೆಗೆ ಎಂಎಲ್‌ಸಿಗಳ ಓಟೂ ಸೇರ್ತಲ್ಲ, ಅವರ ಹೆಸರು ದಾವಣಗೆರೆ ಪಟ್ಟಿಗೆ ಹೆಂಗೆ ಬಂತು ಅಂತ ಆಮೇಲೆ ಬಹಳ ದಿನ ಜಗಳ. ಮೇಯರ್ ಅವಧಿ ಒಂದೇ ವರ್ಷ, ನಾಲ್ಕು ಸ್ಥಾಯಿ ಸಮಿತಿಗಳದ್ದೂ ಒಂದೇ ವರ್ಷ, ಹಂಗಾಗಿ ಮೇಯರ್ ಫೈಲ್ ಅರ್ಥ ಮಾಡ್ಕೊಳ್ಳೋ ಹೊತ್ತಿಗೆ ಮುಂದಿನವರ ಹಾರ ರೆಡಿ ಆಗಿರುತ್ತೆ. ಸಹಿ ಹಾಕಿ ಕೆಲಸ ಮಾಡ್ಸೋ ಅಧಿಕಾರ ಕಮಿಷನರ್ ಹತ್ರ, ಅವರಿಗೆ ಸಭೇಲಿ ಓಟಿಲ್ಲ. ಪಕ್ಕದ ಚಿತ್ರದುರ್ಗ ಇನ್ನೂ ನಗರಸಭೆ, 35 ವಾರ್ಡ್, ಅಲ್ಲಿ ಮೇಯರ್ ಬದಲು ಅಧ್ಯಕ್ಷರು, ಕಮಿಷನರ್ ಬದಲು ಪೌರಾಯುಕ್ತರು, ಕಾಯ್ದೆ ಕೂಡ ಬೇರೆ (ಅವರದ್ದು 1964ರದ್ದು, ನಮ್ಮದು 1976ರದ್ದು), ಆದ್ರೆ ಸಭೆ ನಡೆಯೋ ರೀತಿ ಹೆಚ್ಚುಕಮ್ಮಿ ಇದೇ.

ಸಭೆಗೆ ಮುಂಚೆ ಪರಿಷತ್ ಶಾಖೆಯವರು (ಪಾಲಿಕೇಲಿ ಸಭೆ ಕೆಲಸ ನೋಡ್ಕೊಳ್ಳೋ ವಿಭಾಗ) ಕಾರ್ಯಸೂಚಿ ಅಂತ ಒಂದು ಬುಕ್ ಮಾಡಿ ಎಲ್ಲಾ ಮೆಂಬರ್ ಮನೆಗೆ ಕಳಿಸ್ತಾರೆ, ಎಲ್ರೂ ಅಜೆಂಡಾ ಬುಕ್ ಅಂತಾರೆ. ಓದ್ಕೊಂಡು ಬರೋರು ಕೈಬೆರಳೆಣಿಕೆ, ಆದ್ರೆ ಆ ಕೆಲವರನ್ನ ಕಂಡ್ರೆ ಎಂಜಿನಿಯರ್‌ಗಳಿಗೆ ನಡುಕ. ಸಭೆ ಶುರು ಆಗೋದು ತೀರಿಕೊಂಡವರಿಗೆ ಸಂತಾಪದಿಂದ, ಎದ್ದು ನಿಂತು ಮೌನ, ಅದೊಂದೇ ನೋಡಿ ಇಡೀ ದಿನದಲ್ಲಿ ಮೌನ ಇರೋ ಟೈಮು. ಅದಾದ ತಕ್ಷಣ ಕಾಗದದ ಪ್ರಕಾರ ಬರ್ಬೇಕಾಗಿರೋದು ಹಿಂದಿನ ಸಭೆಯ ನಡವಳಿ ದೃಢೀಕರಣ, ಅಂದ್ರೆ ಹೋದ ಸಭೆ ಬಗ್ಗೆ ಬರೆದಿಟ್ಟಿರೋದು ಸರಿ ಇದೆ ಅಂತ ಒಪ್ಪೋದು. ಆದ್ರೆ ಅಷ್ಟರೊಳಗೆ ಯಾರೋ ಒಬ್ರು ಎದ್ದು 'ಮಾನ್ಯ ಮಹಾಪೌರರೇ, ಅಜೆಂಡಾ ಆಮೇಲೆ ಇರ್ಲಿ, ನಮ್ಮ ವಾರ್ಡಿಗೆ ನೀರು ಬಂದು ಎಷ್ಟ್ ದಿನ ಆಯ್ತು ಅಂತ ಮೊದ್ಲು ಹೇಳ್ರಿ' ಅಂದ್ರು ಅಂದ್ರೆ ಮಧ್ಯಾಹ್ನದವರೆಗೆ ನೀರೇ.

ನೀರಿನ ಜಗಳ ನಾಟಕ ಅಂತ ತಳ್ಳಿ ಹಾಕಬೇಡಿ. ದಾವಣಗೆರೆಗೆ ನೀರು ಬರೋದು ರಾಜನಹಳ್ಳಿ ಹತ್ರ ತುಂಗಭದ್ರಾ ನದಿಯಿಂದ ಪಂಪ್ ಮಾಡಿ, ಜೊತೆಗೆ ಭದ್ರಾ ನಾಲೇಲಿ ನೀರು ಬಿಟ್ಟಾಗ ಕುಂದವಾಡ ಕೆರೆ, ಟಿ.ವಿ. ಸ್ಟೇಷನ್ ಕೆರೆ ತುಂಬಿಸ್ಕೊಂಡಿರಬೇಕು. ನಾಲೆ ಬಂದ್ ಆಗಿ, ನದೀಲೂ ಹರಿವು ಕಮ್ಮಿ ಆಗಿ, ಅದೇ ವಾರ ಪಂಪ್‌ಹೌಸಲ್ಲಿ ಕರೆಂಟ್ ಕೈಕೊಟ್ರೆ ಸರದಿ ತಪ್ಪುತ್ತೆ. ಆಗ ಯಾವ ಏರಿಯಾಕ್ಕೆ ಮೊದಲು ಬಿಡೋದು ಅನ್ನೋದು ವಾಲ್ವ್‌ಮನ್ ಕೈಲಿರುತ್ತೆ, ಮೆಂಬರ್ ಕೂಗಾಡಿದ್ರೆ ಸಂಜೆ ಆ ಏರಿಯಾದ ವಾಲ್ವ್ ತಿರುಗೋದೂ ಉಂಟು. ಇನ್ನು ಜಲಸಿರಿ ಅಂತ 24 ಗಂಟೆ ನೀರಿನ ಪ್ರಾಜೆಕ್ಟಿಗೆ ರೋಡ್ ಅಗೆದಿದ್ದು, ಅಗೆದ ಮೇಲೆ ಮುಚ್ಚದೇ ಬಿಟ್ಟಿದ್ದು, ಅದಂತೂ ಪ್ರತಿ ಸಭೇಲೂ ಇದ್ದಿದ್ದೇ. ಎಂಜಿನಿಯರ್ ಉತ್ತರ ನಾನು ಪಕ್ಕಾ ಬಾಯಿಪಾಠ ಮಾಡಿದೀನಿ: 'ಗಮನಕ್ಕೆ ಬಂದಿದೆ ಸಾರ್, ಎಸ್ಟಿಮೇಟ್ ಆಗಿದೆ, ಟೆಂಡರ್ ಪ್ರಕ್ರಿಯೆಯಲ್ಲಿದೆ.'

ಇಷ್ಟಾಗಿ ಒಂದು ಧರಣಿ, ಒಂದು ಹತ್ತು ನಿಮಿಷ ಮುಂದೂಡಿಕೆ (ಅದು ಅರ್ಧ ಗಂಟೆಗೆ ಕಮ್ಮಿ ಇರಲ್ಲ), ಒಂದು ಟೀ ಆದ ಮೇಲೆ ಪರಿಷತ್ ಕಾರ್ಯದರ್ಶಿ ಬುಕ್ ತೆಗೆದು ಓದೋಕೆ ಶುರು ಮಾಡ್ತಾರೆ, ಆಗ ನೀವು ಪೆನ್ನು ತೆಗೀಬೇಕು. ವಿಷಯ ಸಂಖ್ಯೆ ಓದೋದು, 'ಅನುಮೋದನೆ, ಅನುಮೋದನೆ' ಅಂತ ಮೇಜು ಕುಟ್ಟೋದು, ಮುಂದಿನ ವಿಷಯ, ಮಂಡಕ್ಕಿ ಭಟ್ಟೀಲಿ ಅಕ್ಕಿ ಸಿಡಿದಂಗೆ ಪಟಪಟ ಅಂತ ಹೋಗ್ತಿರುತ್ತೆ. ಬೆಳಗಿನಿಂದ ಎರಡೂವರೆ ಗಂಟೆ ಒಂದು ಬೋರ್‌ವೆಲ್ ಬಗ್ಗೆ ಕಿತ್ತಾಡಿದ ಸಭೆ ಉಳಿದ ಇಡೀ ಪುಸ್ತಕನ ಊಟಕ್ಕೆ ಮುಂಚೆ ಮುಗಿಸಿಬಿಡುತ್ತೆ.

ಆ ಪಟಪಟ ಒಳಗೆ ಏನಿರುತ್ತೆ ಅಂದ್ರೆ ತಿಂಗಳ ಜಮಾ ಖರ್ಚು, ಟೆಂಡರ್ ದರ ಒಪ್ಪಿಗೆ, ಬಾಡಿಗೆ ಅವಧಿ ಮುಗಿದಿರೋ ಪಾಲಿಕೆ ಮಳಿಗೆಗಳ ಹರಾಜು (ಇದಕ್ಕೆ ಮಾತ್ರ ಪಾರ್ಟಿ ಭೇದ ಇಲ್ಲದೆ ಎಲ್ರೂ ಹಳೇ ಬಾಡಿಗೆದಾರರ ಪರ), ಬೀದಿ ದೀಪದ ಮೇಂಟೆನೆನ್ಸ್, ಹಂದಿ ಹಿಡಿಯೋದು, ನಾಯಿಗಳಿಗೆ ಆಪರೇಷನ್, ಆವರಗೊಳ್ಳದ ಕಸದ ಘಟಕದ ಕೆಲಸ, ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಬಂದ್ರೆ ಅದರ ತಯಾರಿ ಖರ್ಚು. ಅನುದಾನ ಹಂಚುವಾಗ 24.10% ಎಸ್‌ಸಿ ಎಸ್‌ಟಿಗೆ, 7.25% ಇತರೆ ಬಡವರಿಗೆ, 5% ಅಂಗವಿಕಲರಿಗೆ ಅಂತ ಕಡ್ಡಾಯವಾಗಿ ತೆಗೆದಿಡಬೇಕು, ಆ ಫಲಾನುಭವಿ ಪಟ್ಟಿನೂ ಅಲ್ಲೇ ಪಾಸ್ ಆಗೋದು. ಪೌರಕಾರ್ಮಿಕರ ಲೆಕ್ಕನೂ ಬರುತ್ತೆ. 700 ಜನಕ್ಕೆ ಒಬ್ರು ಅನ್ನೋದು ಸರ್ಕಾರದ ನಿಯಮ, 2011ರ ಗಣತೀಲೇ ಊರಿನ ಜನ 4.3 ಲಕ್ಷದ ಮೇಲಿತ್ತು, ಅಂದ್ರೆ ಅವತ್ತಿನ ಲೆಕ್ಕಕ್ಕೇ 600ಕ್ಕೂ ಮೇಲೆ ಬೇಕು, ಊರು ಅಲ್ಲಿಂದ ಇಲ್ಲಿಗೆ ಎಷ್ಟು ಬೆಳೆದಿದೆ ನೀವೇ ನೋಡ್ತಿದೀರ.

ಎರಡು ಥರದ ವಿಷಯ ಬಂದ್ರೆ ಕಿವಿ ನೆಟ್ಟಗೆ ಮಾಡ್ಕೊಳ್ಳಿ. ಒಂದು ಬಡಾವಣೆ ಹಸ್ತಾಂತರ. ಪ್ರೈವೇಟ್ ಲೇಔಟ್ ಮಾಡಿದೋರು ರೋಡು, ಚರಂಡಿ, ಯುಜಿಡಿ (ಒಳಚರಂಡಿ), ಪಾರ್ಕು ಎಲ್ಲ ಸರಿಯಾಗಿ ಮಾಡಿ ಆಮೇಲೆ ಪಾಲಿಕೆಗೆ ಒಪ್ಪಿಸಬೇಕು. ಅರ್ಧಂಬರ್ಧ ಮಾಡಿದ್ದನ್ನ ಪಾಲಿಕೆ ಕಣ್ಮುಚ್ಚಿ ತಗೊಂಡ್ರೆ ಮಿಕ್ಕಿದ್ದನ್ನ ನಮ್ಮ ಕಂದಾಯದ ದುಡ್ಡಲ್ಲಿ ಮಾಡ್ಬೇಕು, ತಗೊಳ್ದೇ ಇದ್ರೆ ಅಲ್ಲಿ ಸೈಟ್ ತಗೊಂಡು ಮನೆ ಕಟ್ಟಿದೋರು ದೂಡಾ (ನಗರಾಭಿವೃದ್ಧಿ ಪ್ರಾಧಿಕಾರ) ಆಫೀಸಿಗೂ ಪಾಲಿಕೆಗೂ ಓಡಾಡ್ತಾ ಚಪ್ಪಲಿ ಸವೆಸ್ತಾರೆ. ನಿಮ್ಮ ಚರಂಡಿ ಸಮಸ್ಯೆ ಹೊಸ ಲೇಔಟಿಂದಾದ್ರೆ ಮೊದ್ಲು ಇದನ್ನೇ ವಿಚಾರಿಸಿ, ಹಸ್ತಾಂತರ ಆಗಿಲ್ಲ ಅಂದ್ರೆ ಪಾಲಿಕೆ ಎಂಜಿನಿಯರ್ ಕೈ ತಿರುವಿ ಬಿಡ್ತಾರೆ.

ಇನ್ನೊಂದು ಘಟನೋತ್ತರ. ಕೆಲಸ ಆಗಿ, ಬಿಲ್ ಆಗಿ, ಆಮೇಲೆ ಸಭೆ ಮುಂದೆ ಒಪ್ಪಿಗೆಗೆ ಬರೋದು. ಪೈಪ್ ಒಡೆದಾಗ ಸಭೆ ತನಕ ಕಾಯೋಕಾಗಲ್ಲ, ಟ್ಯಾಂಕರ್ ಬಾಡಿಗೆಗೆ ತಗೊಳ್ಲೇಬೇಕು, ಅದೆಲ್ಲ ನ್ಯಾಯ. ಆದ್ರೆ ಈ ತುರ್ತು ಅನ್ನೋದ್ರ ಹಿಂದೆ ತುರ್ತಲ್ಲದ್ದೂ ಒಂದೊಂದು ನುಸುಳಿ ಬರುತ್ತೆ, ಅದನ್ನ ಹಿಡಿಬೇಕು ಅಂದ್ರೆ ಬುಕ್ಕಿನ ಕೊನೇ ಪುಟಗಳು ಮತ್ತು 'ಮಹಾಪೌರರ ಅಪ್ಪಣೆ ಮೇರೆಗೆ ಇತರೆ ವಿಷಯಗಳು' ಅನ್ನೋ ತಲೆಬರಹದ ಕೆಳಗೆ ನೋಡ್ಬೇಕು. ಇತರೆ ವಿಷಯ ಅನ್ನೋದು ಮುಂಚೆ ಪ್ರಿಂಟ್ ಆಗಿರಲ್ಲ, ಅಲ್ಲೇ ಟೇಬಲ್ ಮೇಲೆ ಒಂದು ಜೆರಾಕ್ಸ್ ಹಾಳೆ ಬರುತ್ತೆ.

ಇದಕ್ಕೆಲ್ಲ ಚರ್ಚೆ ಇಲ್ವಾ ಅಂದ್ರೆ, ಯಾವುದೋ ಸರ್ಕಲ್ಲಿಗೆ ಯಾರ ಹೆಸರು ಇಡೋದು ಅನ್ನೋ ವಿಷಯ ಬರ್ಲಿ, ಆಗ ನೋಡಿ ಚರ್ಚೆ ಅಂದ್ರೆ ಏನು ಅಂತ. ಕೋಟಿಗಟ್ಟಲೆ ಟೆಂಡರ್ ಅರ್ಥ ಆಗ್ಬೇಕಂದ್ರೆ ಫೈಲ್ ಓದ್ಬೇಕು, ಹೆಸರಿನ ಬಗ್ಗೆ ಮಾತಾಡೋಕೆ ಏನೂ ಓದ್ಬೇಕಾಗಿಲ್ಲ ಮತ್ತೆ ವಾರ್ಡಲ್ಲಿ ಹೇಳ್ಕೊಳ್ಳೋಕೂ ಆಗುತ್ತೆ.

ಅರ್ಧದಷ್ಟು ಸೀಟು ಮಹಿಳೆಯರಿಗೆ ಮೀಸಲು, ಚೆನ್ನಾಗಿ ಮಾತಾಡೋ ಮೆಂಬರ್‌ಗಳನ್ನ ಅಲ್ಲಿ ನೋಡಿದೀನಿ, ಅಂಕಿ ಅಂಶ ಇಟ್ಕೊಂಡು ಕಮಿಷನರ್ ಬೆವರಿಳಿಸಿದೋರು ಇದಾರೆ. ಆದ್ರೆ ಟೀ ಬ್ರೇಕಲ್ಲಿ ಕಾರಿಡಾರಿಗೆ ಹೋದ್ರೆ ಗಂಡಂದಿರದ್ದೇ ಇನ್ನೊಂದು ಸಭೆ ನಡೀತಿರುತ್ತೆ, ಅದಕ್ಕೆ ನಡವಳಿ ಇರಲ್ಲ ಅಷ್ಟೇ.

ಬಜೆಟ್ ಸಭೆ ಬಗ್ಗೆ ಹೇಳೋದು ಬಹಳ ಇಲ್ಲ, ಉಳಿತಾಯ ಬಜೆಟ್ ಅಂತ ಓದ್ತಾರೆ, ವಿರೋಧ ಪಕ್ಷದೋರು ಹಳೇ ಬಜೆಟ್ಟೇ ಕಾಪಿ ಅಂತಾರೆ, ಮುಗೀತು.

ಈಗ ನಡವಳಿ ದೃಢೀಕರಣಕ್ಕೆ ವಾಪಸ್ ಬರ್ತೀನಿ, ನನ್ನ ಕೇಳಿದ್ರೆ ಇಡೀ ಸಭೇಲಿ ಮುಖ್ಯವಾದದ್ದು ಅದು. ಹೋದ ಸಭೇಲಿ ಬಾಯಲ್ಲಿ ಏನೇ ಹೇಳಿರ್ಲಿ, ಕಾನೂನಿಗೆ ಉಳಿಯೋದು ನಡವಳಿ ಪುಸ್ತಕದಲ್ಲಿ ಬರೆದಿದ್ದು ಮಾತ್ರ. ಮೇಯರ್ ಎದುರಿಗೇ 'ಹದಿನೈದು ದಿನದಲ್ಲಿ ಚರಂಡಿ ಮಾಡಿಸ್ತೀವಿ' ಅಂತ ಅಧಿಕಾರಿ ಹೇಳಿರ್ತಾರೆ, ಪುಸ್ತಕದಲ್ಲಿ ನೋಡಿದ್ರೆ 'ಪರಿಶೀಲಿಸಿ ವರದಿ ಮಂಡಿಸಲು ಸೂಚಿಸಲಾಯಿತು' ಅಂತ ಇರುತ್ತೆ. ಎರಡಕ್ಕೂ ಅಜಗಜಾಂತರ. ಪಳಗಿದ ಮೆಂಬರ್ ಆದ್ರೆ ಅಲ್ಲೇ ಎದ್ದು 'ನಾನು ಹೇಳಿದ್ದು ಹಿಂಗಲ್ಲ, ತಿದ್ದಿ' ಅಂತ ಪಟ್ಟು ಹಿಡಿತಾರೆ, ಆಮೇಲೆ ಅನುಪಾಲನಾ ವರದಿ ಎಲ್ಲಿ ಅಂತ ಕೇಳ್ತಾರೆ, ಅಂದ್ರೆ ಹೋದ ಸಲ ಆದ ತೀರ್ಮಾನಕ್ಕೆ ಏನು ಮಾಡಿದ್ರಿ ಅನ್ನೋ ವರದಿ. ಬಾಟಲಿ ತಂದವರಿಗಿಂತ ಇವರ ವಾರ್ಡಲ್ಲಿ ಕೆಲಸ ಆಗಿದ್ದನ್ನ ನಾನು ಜಾಸ್ತಿ ನೋಡಿದೀನಿ, ಫೋಟೋ ಮಾತ್ರ ಬಾಟಲಿಯವರದ್ದೇ ಹಾಕಿದ್ವಿ.

ಹೋಗಿ ಕೂರಬಹುದಾ ಅಂದ್ರಲ್ಲ, ಕಾಯ್ದೆ ಪ್ರಕಾರ ಸಭೆ ಸಾರ್ವಜನಿಕರಿಗೆ ತೆರೆದಿದ್ದೇ, ಅಧ್ಯಕ್ಷತೆ ವಹಿಸಿದೋರು ಬೇಡ ಅಂದ್ರೆ ಮಾತ್ರ ಬೇರೆ. ಬಾಗಿಲಲ್ಲಿ ಸೆಕ್ಯುರಿಟಿಯವರು ಯಾರ್ ನೀವು ಅಂತ ಕೇಳ್ತಾರೆ, ಹಿಂದಿನ ದಿನ ಪರಿಷತ್ ಶಾಖೆಗೆ ಹೋಗಿ ಒಂದು ಮಾತು ಹೇಳಿದ್ರೆ ಒಳ್ಳೇದು. ಮಾತಾಡೋಕೆ ಮಾತ್ರ ಬಿಡಲ್ಲ. ಹೋಗೋಕಾಗಲ್ಲ ಅಂದ್ರೆ ಕಾರ್ಯಸೂಚಿ, ನಡವಳಿ, ಅನುಪಾಲನಾ ವರದಿ ಮೂರೂ ಆರ್‌ಟಿಐನಲ್ಲಿ ಕೇಳಿ, 10 ರೂಪಾಯಿ ಫೀಸು, ಪುಟಕ್ಕೆ 2 ರೂಪಾಯಿ, 30 ದಿನದಲ್ಲಿ ಕೊಡ್ಬೇಕು, ಅರ್ಜಿ ಒಂದೇ ವಿಷಯಕ್ಕೆ ಇರ್ಲಿ ಮತ್ತೆ 150 ಪದ ದಾಟಬಾರದು, ದಾಟಿದ್ರೆ ಅದೇ ನೆಪ ಹೇಳಿ ವಾಪಸ್ ಕಳಿಸ್ತಾರೆ.

ಚರಂಡಿ ವಿಷಯಕ್ಕೆ ಸದಸ್ಯರಿಗೆ ಫೋನಲ್ಲಿ ಹೇಳ್ಬೇಡಿ, ಬೀದಿಯ ನಾಲ್ಕೈದು ಮನೆಯವರ ಸಹಿ ಹಾಕ್ಸಿ ಬರಹದಲ್ಲಿ ಕೊಡಿ, ಒಂದು ಪ್ರತಿ ಕಮಿಷನರ್ ಹೆಸರಿಗೆ ಪಾಲಿಕೇಲಿ ಕೊಟ್ಟು ಇನ್‌ವರ್ಡ್ ನಂಬರ್ ತಗೊಳ್ಳಿ, ಜನಹಿತ ಆಪಲ್ಲಿ ಫೋಟೋ ಸಮೇತ ಹಾಕಿ. ಸದಸ್ಯರು ಆ ಪತ್ರನ ಕಾರ್ಯಸೂಚಿಗೆ ಸೇರಿಸಿ ಅಂತ ಮೊದಲೇ ಕೊಟ್ರೆ ವಿಷಯ ಸಂಖ್ಯೆ ಬೀಳುತ್ತೆ, ಸಂಖ್ಯೆ ಬಿದ್ರೆ ತೀರ್ಮಾನ ಬರೀಲೇಬೇಕಾಗುತ್ತೆ, ಸುಮ್ನೆ ಎದ್ದು ಕೂಗಿದ್ರೆ ಅದು ಗಾಳಿಗೆ ಹೋಯ್ತು.

ಆದ್ರೆ ಒಂದು ತೊಡಕಿದೆ ನೋಡಿ. 2020ರಲ್ಲಿ ಶುರುವಾದ ಕೌನ್ಸಿಲ್ ಅವಧಿ 2025ರ ಫೆಬ್ರವರಿಗೆ ಮುಗೀತು. ಸದಸ್ಯರಿಲ್ಲದ ಹೊತ್ತಲ್ಲಿ ಸರ್ಕಾರ ಹಾಕೋ ಆಡಳಿತಾಧಿಕಾರಿನೇ ಕೌನ್ಸಿಲ್ ಇದ್ದಂಗೆ, ಅದೇ ಟೆಂಡರ್, ಅದೇ ಹಸ್ತಾಂತರ, ಅದೇ ಘಟನೋತ್ತರ ಎಲ್ಲ ಚೇಂಬರಲ್ಲೇ ಸಹಿ ಆಗುತ್ತೆ, ಎದ್ದು ಅಡ್ಡ ಮಾತಾಡೋರು ಒಬ್ರೂ ಇರಲ್ಲ, ಪೇಪರಲ್ಲಿ ಒಂದು ಗದ್ದಲದ ಸುದ್ದಿನೂ ಬರಲ್ಲ. ಅಂಥ ಟೈಮಲ್ಲಿ ನಿಮ್ಮ ಅರ್ಜಿ ನೇರ ಆಡಳಿತಾಧಿಕಾರಿ ಹೆಸರಿಗೇ ಹೋಗ್ಲಿ, ಪ್ರತಿ ವಲಯದ ಎಂಜಿನಿಯರ್‌ಗೆ, ಮತ್ತೆ ಚುನಾವಣೆ ಹತ್ರ ಬಂದು ನಿಮ್ಮ ವಾರ್ಡಲ್ಲಿ ಟಿಕೆಟ್ ಆಕಾಂಕ್ಷಿಗಳು ಓಡಾಡೋಕೆ ಶುರು ಮಾಡಿದ್ರೆ ಅವರ ಕೈಗೂ ಒಂದೊಂದು ಜೆರಾಕ್ಸ್ ಕೊಡಿ, ಆ ದಿನಗಳಲ್ಲಿ ಬೇಗ ಕೆಲಸ ಆಗುತ್ತೆ.