ಸೀರಿಯಲ್‌ನಲ್ಲಿ ಪಾತ್ರ ಸಿಕ್ಕಿದೆ, ಬ್ಯಾಂಕ್ ಕೆಲಸ ಬಿಡಲಾ? ಮುಂದೆ ಸಿನಿಮಾಗೆ ದಾರಿ ಆಗುತ್ತಾ?

ದಿನಕ್ಕೆ 4,000 ಕೊಡುತ್ತಾರೆ ಎಂದು ಬರೆದಿದ್ದೀರಿ. ತಿಂಗಳಿಗೆ ಎಷ್ಟು ದಿನ ಕರೆಯುತ್ತಾರೆ ಎಂದು ಬರೆದಿಲ್ಲ. ಅದನ್ನು ಓದಿದ ಕೂಡಲೇ 2017ರಲ್ಲಿದ್ದ ನಾನೇ ಎದುರಿಗೆ ಬಂದು ಕೂತ ಹಾಗಾಯಿತು.

ನಾನು ಶಿವಮೊಗ್ಗದವಳು. ಒಂದು ಖಾಸಗಿ ಹೈಸ್ಕೂಲಿನಲ್ಲಿ ವಿಜ್ಞಾನ ಟೀಚರ್ ಆಗಿದ್ದೆ, ಸಂಬಳ 18,000. ಸಂಜೆ ಹವ್ಯಾಸಿ ತಂಡದಲ್ಲಿ ನಾಟಕದ ರಿಹರ್ಸಲ್. ರಜೆ ಸಿಕ್ಕರೆ ಹೆಗ್ಗೋಡಿಗೆ ಹೋಗಿ ನೀನಾಸಂನವರ ನಾಟಕ ನೋಡಿ ಬರುತ್ತಿದ್ದೆ. ತಂಡದ ಒಬ್ಬರು ಬೆಂಗಳೂರಿನಲ್ಲಿ ಆಡಿಷನ್ ಇದೆ ಎಂದು ಹೇಳಿದರು. ಹೋದೆ. ಲುಕ್ ಟೆಸ್ಟ್ ಆಗಿ ಹತ್ತು ದಿನಕ್ಕೆ ಫೋನ್ ಬಂತು. ನಾಯಕನ ಅತ್ತಿಗೆಯ ಪಾತ್ರ, ಸ್ವಲ್ಪ ಕೆಟ್ಟವಳು, ದಿನಕ್ಕೆ 3,500.

ನನ್ನ ತಪ್ಪು ಇಲ್ಲೇ ಆಯಿತು. ಇದನ್ನು ನಿಧಾನವಾಗಿ ಹೇಳುತ್ತೇನೆ, ದಯವಿಟ್ಟು ಹಾರಿಸಿ ಓದಬೇಡಿ.

3,500 ಎಂದ ಕೂಡಲೇ ನಾನು ಅದನ್ನು 22ರಿಂದ ಗುಣಿಸಿದೆ. 77,000 ಆಯಿತು. ಶಾಲೆಯ ನಾಲ್ಕು ತಿಂಗಳ ಸಂಬಳಕ್ಕಿಂತ ಜಾಸ್ತಿ. ಬಸ್ಸಿನಲ್ಲಿ ಊರಿಗೆ ಬರುವ ಅಷ್ಟು ಹೊತ್ತೂ ತಲೆಯಲ್ಲಿ ಆ ಒಂದೇ ಮೊತ್ತ. ಆದರೆ ಆ 22 ಎಲ್ಲಿಂದ ಬಂತು? ಪ್ರೊಡಕ್ಷನ್ ಮ್ಯಾನೇಜರ್ ಬಾಯಿಮಾತಲ್ಲಿ ಹೇಳಿದ್ದು. "ಮನೆಯೊಳಗಿನ ಪಾತ್ರ ಅಲ್ವಾ ಮೇಡಂ, ಇಪ್ಪತ್ತು ಇಪ್ಪತ್ತೆರಡು ದಿನ ಬಂದೇ ಬರುತ್ತೆ" ಎಂದರು. ಅವರು ಸುಳ್ಳು ಹೇಳಲಿಲ್ಲ. ಅವತ್ತಿನ ಕಥೆ ಪ್ರಕಾರ ಅದು ಸರಿಯಾಗಿಯೇ ಇತ್ತು. ಆದರೆ ಅಗ್ರಿಮೆಂಟಿನಲ್ಲಿ ಆ ಮಾತು ಇರಲಿಲ್ಲ. ಹನ್ನೊಂದು ಪುಟ, ಪೂರ್ತಿ ಇಂಗ್ಲಿಷ್. ಮೇಕಪ್ ರೂಮಿನಲ್ಲಿ, ತಲೆ ಬಾಚಿಸಿಕೊಳ್ಳುತ್ತಲೇ ಹತ್ತು ನಿಮಿಷದಲ್ಲಿ ಎಲ್ಲ ಪುಟಕ್ಕೂ ಸಹಿ ಹಾಕಿದೆ. ನನಗೆ ಇಂಗ್ಲಿಷ್ ಬರುತ್ತಿತ್ತು. ಓದಲು ಟೈಮ್ ಕೇಳಿದರೆ ತಲೆನೋವಿನ ಹುಡುಗಿ ಅಂದುಕೊಂಡು ಬೇರೆಯವರನ್ನು ಕರೆದುಬಿಟ್ಟಾರು ಎಂಬ ಭಯ, ಅಷ್ಟೇ.

ಆ ಹನ್ನೊಂದು ಪುಟದಲ್ಲಿ ಒಂದು ಸಾಲು ಇತ್ತು, ಇನ್ನೊಂದು ಸಾಲು ಇರಲಿಲ್ಲ. ಇದ್ದ ಸಾಲು: ಈ ಧಾರಾವಾಹಿ ನಡೆಯುವಷ್ಟು ದಿನ ಬೇರೆ ಯಾವ ವಾಹಿನಿಯ ಧಾರಾವಾಹಿಯಲ್ಲೂ ನಟಿಸುವಂತಿಲ್ಲ, ಮಧ್ಯದಲ್ಲಿ ಬಿಟ್ಟರೆ ನಷ್ಟ ಕಟ್ಟಿಕೊಡಬೇಕು. ಇಲ್ಲದಿದ್ದ ಸಾಲು: ತಿಂಗಳಿಗೆ ಕಡಿಮೆ ಎಂದರೂ ಇಷ್ಟು ದಿನ ಕೆಲಸ ಕೊಡುತ್ತೇವೆ. ನಾನು 30 ದಿನವೂ ಅವರಿಗೆ ಕಟ್ಟುಬಿದ್ದಿರಬೇಕು. ಅವರು ಎಷ್ಟು ದಿನ ಕರೆಯುತ್ತಾರೋ ಅಷ್ಟಕ್ಕೆ ಮಾತ್ರ ದುಡ್ಡು. ಅವರು ಒಂದು ದಿನವೂ ಕರೆಯದೆ ಇದ್ದರೂ ನಾನು ಇನ್ನೊಂದು ಕಡೆ ಹೋಗುವಂತಿಲ್ಲ. ಇಷ್ಟನ್ನು ಅರ್ಥ ಮಾಡಿಕೊಳ್ಳಲು ವಕೀಲರು ಬೇಕಿರಲಿಲ್ಲ. ಮಕ್ಕಳಿಗೆ ಪ್ರಶ್ನೆಯನ್ನು ಎರಡು ಸಲ ಓದಿ ಅಂತ ದಿನಾ ಹೇಳುತ್ತಿದ್ದವಳು ನಾನು. ನನ್ನ ಕಾಗದವನ್ನು ನಾನು ಒಂದು ಸಲವೂ ಓದಲಿಲ್ಲ.

ಮೊದಲ ಎಂಟು ಒಂಬತ್ತು ತಿಂಗಳು ಹಬ್ಬ. ನಾಗರಭಾವಿಯಲ್ಲಿ 13,000ಕ್ಕೆ ಮನೆ ಮಾಡಿದೆ. ಕೆಂಗೇರಿ ಹತ್ತಿರ ಬಾಡಿಗೆಗೆ ತೆಗೆದುಕೊಂಡ ಎರಡಂತಸ್ತಿನ ಮನೆಯಲ್ಲಿ ಶೂಟಿಂಗ್. ಬೆಳಿಗ್ಗೆ ಏಳಕ್ಕೆ ಮೇಕಪ್, ರಾತ್ರಿ ಒಂಬತ್ತರ ಮೇಲೆ ಪ್ಯಾಕಪ್. ವಾರಕ್ಕೆ ಐದಾರು ಸಂಚಿಕೆ ಹೋಗಬೇಕು, ಒಂದೊಂದು ಸುಮಾರು 22 ನಿಮಿಷ. ಹಾಗಾಗಿ ದಿನಕ್ಕೆ ಒಂದು ಸಂಚಿಕೆಯಷ್ಟು ತೆಗೆಯಲೇಬೇಕು. ನಾಟಕದಲ್ಲಿ ಎರಡು ತಿಂಗಳು ರಿಹರ್ಸಲ್ ಮಾಡಿ ಅಭ್ಯಾಸ ಇದ್ದವಳಿಗೆ ಡೈಲಾಗ್ ಹಾಳೆ ಬೆಳಿಗ್ಗೆ ಸೆಟ್ಟಿನಲ್ಲಿ ಕೈಗೆ ಬರುತ್ತಿತ್ತು. ಅಸೋಸಿಯೇಟ್ ಡೈರೆಕ್ಟರ್ ಕ್ಯಾಮೆರಾ ಪಕ್ಕ ನಿಂತು ಪ್ರಾಂಪ್ಟ್ ಮಾಡುತ್ತಿದ್ದರು. ಮೊದಲ ವಾರ ನನ್ನ ದನಿ ಕೊನೆಯ ಸಾಲಿನ ಪ್ರೇಕ್ಷಕರಿಗೆ ಕೇಳಿಸುವ ಹಾಗಿತ್ತು. ಕ್ಯಾಮೆರಾಮನ್ ಒಬ್ಬರು, ಹಿರಿಯರು, ಕರೆದು, "ಅಮ್ಮ, ಲೆನ್ಸ್ ಇಲ್ಲೇ ಇದೆ, ನಿನ್ನ ಪಕ್ಕದಲ್ಲಿ ಕೂತವಳ ಕಿವಿಗೆ ಹೇಳು, ಸಾಕು" ಎಂದರು. ಅಭಿನಯದ ಬಗ್ಗೆ ನಾನು ಕಲಿತ ದೊಡ್ಡ ಪಾಠ ಅದು, ಇವತ್ತಿಗೂ ಸೆಟ್ಟಿಗೆ ಹೋದ ಕೂಡಲೇ ಅವರ ಮಾತು ನೆನಪಾಗುತ್ತದೆ. ಸೀರಿಯಲ್‌ನಲ್ಲಿ ಅಭಿನಯ ಎಲ್ಲಿರುತ್ತೆ ಅನ್ನುವವರ ಜೊತೆ ನಾನು ಈಗಲೂ ಜಗಳ ಆಡುತ್ತೇನೆ. ಬೆಳಿಗ್ಗೆ ಓದಿದ ಸೀನಿಗೆ ಹತ್ತು ನಿಮಿಷದಲ್ಲಿ ಕಣ್ಣೀರು ತರಬೇಕು. ಆಮೇಲೆ ಅದೇ ಕಣ್ಣೀರನ್ನು ಕ್ಲೋಸ್ ಶಾಟ್‌ಗೆ, ವೈಡ್ ಶಾಟ್‌ಗೆ, ಎದುರಿನವರ ರಿಯಾಕ್ಷನ್‌ಗೆ ಮತ್ತೆ ಮತ್ತೆ ತರಬೇಕು. ಸುಲಭ ಅಲ್ಲ.

ಖರ್ಚಿನ ಬಗ್ಗೆಯೂ ಯಾರೂ ಹೇಳಿರಲಿಲ್ಲ. ಸೀರೆ, ಬ್ಲೌಸ್, ಸರ, ಬಳೆ ಎಲ್ಲ ನಮ್ಮದೇ. ಶ್ರೀಮಂತರ ಮನೆ ಸೊಸೆ, ಉಟ್ಟ ಸೀರೆ ಮತ್ತೆ ಮತ್ತೆ ಕಾಣಬಾರದು. ಪೇಮೆಂಟ್ ಬರಲು ಎರಡು ಮೂರು ತಿಂಗಳು. ಬರುವಾಗ ಹತ್ತು ಪರ್ಸೆಂಟ್ ಟಿಡಿಎಸ್, ಅಂದರೆ ಮೊದಲೇ ಹಿಡಿದುಕೊಳ್ಳುವ ತೆರಿಗೆ, ಹೋಗಿರುತ್ತದೆ. ಪಿಕಪ್ ಗಾಡಿ ನಾಯಕ ನಾಯಕಿಗೆ ಮಾತ್ರ. ರಾತ್ರಿ ಹತ್ತಕ್ಕೆ ಒಬ್ಬಳೇ ಆಟೋ ಕಾಯಲು ಆಗದೆ ಸಾಲ ಮಾಡಿ ಸಣ್ಣ ಕಾರು ತೆಗೆದುಕೊಂಡೆ, ತಿಂಗಳಿಗೆ 11,400 ಕಂತು. ಆ ಕಂತಿನ ಕಾಗದವನ್ನು ಮಾತ್ರ ಪೂರ್ತಿ ಓದಿದ್ದೆ ನೋಡಿ.

ಅಪ್ಪ ಕೆಎಸ್‌ಆರ್‌ಟಿಸಿಯಲ್ಲಿ ಕಂಡಕ್ಟರ್ ಆಗಿ ರಿಟೈರ್ ಆದವರು. ನಮ್ಮ ಧಾರಾವಾಹಿ ಬರುತ್ತಿದ್ದದ್ದು ರಾತ್ರಿ ಏಳೂವರೆಗೆ. ಅವರು ಊಟದ ಹೊತ್ತನ್ನೇ ಎಂಟಕ್ಕೆ ಬದಲಾಯಿಸಿಕೊಂಡರು. ಸಂಚಿಕೆ ಮುಗಿದ ಕೂಡಲೇ ಫೋನ್. "ಇವತ್ತು ಸೊಸೆಗೆ ಹಾಗೆ ಬೈಯಬಾರದಿತ್ತು" ಎನ್ನುವುದು, ನಾನು ನಕ್ಕರೆ ಅವರಿಗೂ ನಗು.

2018ರ ಮಾರ್ಚ್ ಹೊತ್ತಿಗೆ ಟಿಆರ್‌ಪಿ ಇಳಿಯಿತು. ಯಾವ ಕಾರ್ಯಕ್ರಮವನ್ನು ಎಷ್ಟು ಜನ ನೋಡಿದರು ಎಂದು ಅಳೆಯುವ ಬಾರ್ಕ್ ಸಂಸ್ಥೆಯ ಅಂಕಿ ಪ್ರತಿ ಗುರುವಾರ ಬರುತ್ತದೆ. ಅವತ್ತು ಮಧ್ಯಾಹ್ನದ ಮೇಲೆ ಸೆಟ್ಟಿನಲ್ಲಿ ಟೀ ಕೊಡುವ ಹುಡುಗನೂ ಮೆಲ್ಲಗೆ ಮಾತಾಡುತ್ತಾನೆ. ನಾಲ್ಕು ಗುರುವಾರ ಹಾಗೇ ಆಯಿತು. ಅದೇ ಹೊತ್ತಿಗೆ ಕೆಂಗೇರಿಯ ಮನೆ ಮಾಲೀಕರು ಇನ್ನು ಬಾಡಿಗೆಗೆ ಕೊಡುವುದಿಲ್ಲ ಎಂದರು. ನನ್ನ ಪಾತ್ರದ ಸಂಸಾರ ಎಲ್ಲ ಆ ಮನೆಯಲ್ಲಿತ್ತು. ಅದೇ ಥರದ ಇನ್ನೊಂದು ಮನೆ ಹುಡುಕುವ ಬದಲು ಕಥೆಯನ್ನೇ ನಾಯಕಿಯ ಆಫೀಸಿಗೆ ತಿರುಗಿಸಿದರು. ನನಗೆ ಯಾರೂ ಏನೂ ಹೇಳಲಿಲ್ಲ. ಒಂದು ಸೀನಿನಲ್ಲಿ ಅತ್ತೆ ಪಾತ್ರದವರು "ಅವಳು ತವರಿಗೆ ಹೋಗಿದ್ದಾಳೆ" ಎಂದರು. ಆ ಒಂದು ವಾಕ್ಯದಲ್ಲಿ ನನ್ನ ಕೆಲಸ ಹೋಯಿತು. ಅದನ್ನು ನಾನು ಟಿವಿಯಲ್ಲೇ ನೋಡಿದ್ದು.

ಮುಂದಿನ ತಿಂಗಳು ಆರು ದಿನ. 21,000, ಟಿಡಿಎಸ್ ಕಳೆದರೆ 18,900. ಬಾಡಿಗೆ ಮತ್ತು ಕಂತು ಸೇರಿ 24,400. ಅದರ ಮುಂದಿನ ತಿಂಗಳು ಎರಡು ದಿನ, ಒಂದು ಹಬ್ಬದ ವಿಶೇಷ ಸಂಚಿಕೆಗೆ. ಅಷ್ಟರಲ್ಲಿ ಇನ್ನೊಂದು ವಾಹಿನಿಯಿಂದ ಕರೆ ಬಂತು. ನಾಯಕಿಯ ಅಕ್ಕ, ಒಳ್ಳೆಯ ಪಾತ್ರ, ದಿನಕ್ಕೆ 5,000. ಬಿಡುಗಡೆ ಕೇಳಲು ಹೋದೆ. "ನಿಮ್ಮ ಪಾತ್ರದ ಟ್ರ್ಯಾಕ್ ಮತ್ತೆ ತರಬೇಕು ಅಂತಿದ್ದೀವಿ ಮೇಡಂ, ಬಿಡಕ್ಕಾಗಲ್ಲ" ಎಂದರು. ಎರಡನೇ ಸಲ ಹೋದಾಗ ನಾನು ಕೇಳಿದ್ದು, "ಹಾಗಾದರೆ ನನ್ನ ಪಾತ್ರವನ್ನು ಸಾಯಿಸಿಬಿಡಿ ಸರ್." ಆಕ್ಸಿಡೆಂಟ್ ಆಗಲಿ, ಕಾಯಿಲೆ ಬರಲಿ, ಗೋಡೆ ಮೇಲೆ ಹಾರ ಹಾಕಿದ ಫೋಟೋ ಒಂದು ತೋರಿಸಿದರೂ ಸಾಕಿತ್ತು, ನಾನು ಬಿಡುಗಡೆ. ಅದನ್ನೂ ಮಾಡಲಿಲ್ಲ. ಸತ್ತವಳನ್ನು ವಾಪಸ್ ತರುವುದು ಕಷ್ಟ, ತವರಿಗೆ ಹೋದವಳನ್ನು ಯಾವಾಗ ಬೇಕಾದರೂ ಕರೆಯಬಹುದು, ಅದು ಅವರ ಲೆಕ್ಕ. ಕಥೆಯಲ್ಲಿ ಎಂಟು ತಿಂಗಳು ನಾನು ತವರಲ್ಲೇ ಇದ್ದೆ. ಅಕ್ಕನ ಪಾತ್ರ ಬೇರೆಯವರಿಗೆ ಹೋಯಿತು.

ಅಪ್ಪ ಮಾತ್ರ ಏಳೂವರೆಗೆ ಕೂರುವುದು ಬಿಡಲಿಲ್ಲ. "ಇವತ್ತೂ ನೀನು ಬರಲಿಲ್ಲ" ಎಂದು ಫೋನ್ ಮಾಡುತ್ತಿದ್ದರು. ಕೆಲವು ವಾರ ಆದ ಮೇಲೆ ಆ ಮಾತು ಹೇಳುವುದು ನಿಲ್ಲಿಸಿದರು. ಎಂಟಕ್ಕೆ ಫೋನ್ ಬರುತ್ತಿತ್ತು, "ಊಟ ಆಯ್ತಾ" ಎಂದಷ್ಟೇ ಕೇಳಿ ಇಡುತ್ತಿದ್ದರು. ಆ ಎಂಟು ತಿಂಗಳಲ್ಲಿ ದುಡ್ಡಿಗಿಂತ ಜಾಸ್ತಿ ನೋವು ಕೊಟ್ಟಿದ್ದು ಅದು. ಕಾರು ಮಾರಿದೆ. ನವೆಂಬರ್‌ನಲ್ಲಿ ಮೂರು ವಾರ ಮೊದಲು ಹೇಳಿ ಧಾರಾವಾಹಿಯನ್ನೇ ಮುಗಿಸಿದರು. ಕೊನೆಯ ಸಂಚಿಕೆಯ ಮದುವೆ ಸೀನಿಗೆ ನನ್ನನ್ನು ಕರೆದರು. ಹೋದೆ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಬ್ಯಾಂಕಾ, ಸೀರಿಯಲ್ಲಾ ಎಂದು ತೂಗಿ ನೋಡುತ್ತಿದ್ದೀರಿ. ನಿಮ್ಮ ಕೈಯಲ್ಲಿ ಇನ್ನೂ ತೂಗುವುದಕ್ಕೆ ಏನೂ ಇಲ್ಲ. ಒಂದು ಕಡೆ ತಿಂಗಳ ಸಂಬಳ ಇದೆ, ಇನ್ನೊಂದು ಕಡೆ ದಿನದ ರೇಟು ಮಾತ್ರ ಇದೆ. ಅವರನ್ನು ಕೇಳಿ: ತಿಂಗಳಿಗೆ ಕನಿಷ್ಠ ಎಷ್ಟು ದಿನ? ಕರೆಯದಿದ್ದರೂ ಅಷ್ಟರ ದುಡ್ಡು ಬರುತ್ತಾ? ಎರಡು ತಿಂಗಳು ಅಷ್ಟು ದಿನ ಕೊಡದಿದ್ದರೆ ನಾನು ಬಿಟ್ಟು ಹೋಗಬಹುದಾ? ಮೂರನ್ನೂ ಕಾಗದದ ಮೇಲೆ ಬರೆಸಿ. 2019ರಲ್ಲಿ ಎರಡನೇ ಸೀರಿಯಲ್‌ಗೆ ನಾನು 12 ದಿನ ಕೇಳಿದೆ, 10 ಎಂದರು, ಒಪ್ಪಿದೆ. ಯಾರೂ ಬೈಯಲಿಲ್ಲ, ಯಾರೂ ಬೇರೆ ಹುಡುಗಿಯನ್ನು ಕರೆಯಲಿಲ್ಲ. ಕೇಳಲು ನನಗೆ ಒಂದು ನಿಮಿಷ ಹಿಡಿಯಿತು. ಬರೆಯುವುದಿಲ್ಲ ಎಂದರೆ ನೀವು ಹೋಗಬೇಡಿ. ಇದರಲ್ಲಿ ನನಗೆ ಎರಡು ಮಾತಿಲ್ಲ. ಬರೆದುಕೊಟ್ಟರೆ ಧೈರ್ಯವಾಗಿ ಹೋಗಿ, ಆದರೆ ನಾಲ್ಕು ತಿಂಗಳ ಖರ್ಚಿನ ದುಡ್ಡು ಕೈಯಲ್ಲಿಟ್ಟುಕೊಂಡು.

ಆ ಸಾಲು ಎಲ್ಲದರಿಂದ ಕಾಪಾಡುತ್ತದೆ ಎಂದು ಹೇಳುತ್ತಿಲ್ಲ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಗಿ ಶೂಟಿಂಗ್ ನಿಂತಾಗ ಯಾವ ಕಾಗದವೂ ಉಪಯೋಗಕ್ಕೆ ಬರಲಿಲ್ಲ. ಹಳೆಯ ಸಂಚಿಕೆಗಳ ಮರುಪ್ರಸಾರದ ಜೊತೆಗೆ ಮಹಾಭಾರತದಂಥ ಡಬ್ಬಿಂಗ್ ಧಾರಾವಾಹಿಗಳು ಕನ್ನಡದಲ್ಲಿ ಬರತೊಡಗಿದವು. ನಮ್ಮ ಎಷ್ಟೋ ಜನಕ್ಕೆ ಇನ್ನು ನಮ್ಮ ಅನ್ನ ಹೋಯಿತು ಎಂಬ ಹೆದರಿಕೆ. ಆಮೇಲೆ ನನಗೆ ಅದೇ ಡಬ್ಬಿಂಗ್‌ನಲ್ಲಿ ದನಿ ಕೊಡುವ ಕೆಲಸವೂ ಸಿಕ್ಕಿತು. ನಾನು ಹೆದರಿದ್ದೂ ನಿಜ, ಆ ಕೆಲಸದಿಂದ ಬಾಡಿಗೆ ಕಟ್ಟಿದ್ದೂ ನಿಜ. 2021ರ ಮೇ ತಿಂಗಳಲ್ಲಿ ಇಲ್ಲಿ ಮತ್ತೆ ಶೂಟಿಂಗ್ ನಿಂತಾಗ ಹಲವು ಕನ್ನಡ ತಂಡಗಳ ಹಾಗೆ ನಾವೂ ಹೈದರಾಬಾದಿನ ರಾಮೋಜಿ ಫಿಲ್ಮ್ ಸಿಟಿಗೆ ಹೋಗಿ ಅಲ್ಲೇ ಉಳಿದು ಕೆಲಸ ಮಾಡಿದೆವು.

ಇನ್ನು ಸಿನಿಮಾ. ಸೀರಿಯಲ್ ಅಂದರೆ ಸಿನಿಮಾಗೆ ಮೆಟ್ಟಿಲು ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ನಂದಗೋಕುಲ ಸೀರಿಯಲ್‌ನಲ್ಲಿದ್ದ ಯಶ್, ರಾಧಿಕಾ ಪಂಡಿತ್ ಸಿನಿಮಾದಲ್ಲಿ ಗೆದ್ದರು. ರಚಿತಾ ರಾಮ್ ಅರಸಿ ಸೀರಿಯಲ್‌ನಿಂದ ಬಂದವರು. ಎಲ್ಲರೂ ಈ ಹೆಸರುಗಳನ್ನೇ ಹೇಳುತ್ತಾರೆ. ನನ್ನ ಜೊತೆ ಮೇಕಪ್ ರೂಮಿನಲ್ಲಿ ಕೂತಿದ್ದ ಹುಡುಗಿಯರ ಹೆಸರು ಯಾರಿಗೂ ಗೊತ್ತಿಲ್ಲ. ತಿಂಗಳಿಗೆ 20 ದಿನ ಸೀರಿಯಲ್‌ಗೆ ಕೊಟ್ಟರೆ ಸಿನಿಮಾಗೆ ಡೇಟ್ಸ್ ಎಲ್ಲಿಂದ ತರುತ್ತೀರಿ? ದಿನಾ ಮನೆಯಲ್ಲಿ ಪುಕ್ಕಟೆ ಕಾಣುವ ಮುಖಕ್ಕೆ ಟಿಕೆಟ್ ಯಾರು ತಗೋತಾರೆ ಎಂದು ನನಗೇ ಎದುರಿಗೆ ಹೇಳಿದ ನಿರ್ಮಾಪಕರಿದ್ದಾರೆ. ಅದಿರಲಿ. ನಾನು ಚಿಕ್ಕವಳಿದ್ದಾಗ, 1998ರಲ್ಲಿ, ದೂರದರ್ಶನದಲ್ಲಿ ಟಿ.ಎನ್. ಸೀತಾರಾಮ್ ಅವರ ಮಾಯಾಮೃಗ ಬರುತ್ತಿತ್ತು. ನಮ್ಮ ಮನೆಯಲ್ಲಿ ಇವತ್ತಿಗೂ ಅದರ ಪಾತ್ರಗಳನ್ನು ನೆಂಟರ ಹಾಗೆ ನೆನೆಸುತ್ತಾರೆ. ಅದರಲ್ಲಿ ನಟಿಸಿದವರು ಯಾವ ಮೆಟ್ಟಿಲು ಹತ್ತುವುದಕ್ಕೆ ಅಷ್ಟು ಚೆನ್ನಾಗಿ ಮಾಡಿದರು ಹೇಳಿ? ಸಿನಿಮಾ ಬೇಕಿದ್ದರೆ ಸಿನಿಮಾ ಆಡಿಷನ್‌ಗೆ ಹೋಗಿ. ಸೀರಿಯಲ್‌ಗೆ ಬರುವುದಿದ್ದರೆ ಸೀರಿಯಲ್ ಮಾಡಲು ಬನ್ನಿ.

ನನಗೀಗ 37. ಹೋದ ವರ್ಷದಿಂದ 27 ವರ್ಷದ ಹುಡುಗನಿಗೆ ತಾಯಿಯ ಪಾತ್ರ ಮಾಡುತ್ತಿದ್ದೇನೆ. ತಿಂಗಳಿಗೆ 12 ದಿನ, ಬರೆಸಿಕೊಂಡಿದ್ದು. ಉಳಿದ ದಿನ ಡಬ್ಬಿಂಗ್, ಹನುಮಂತನಗರದ ಕಲಾಸೌಧದಲ್ಲಿ ಆಗೊಮ್ಮೆ ಈಗೊಮ್ಮೆ ನಾಟಕ. ಅಪ್ಪನ ಊಟ ಈಗ ಒಂಬತ್ತೂವರೆಗೆ ಹೋಗಿದೆ. ಅಮ್ಮ ಬೈಯುತ್ತಾರೆ, ಅವರು ಕೇಳುವುದಿಲ್ಲ.

ಅಗ್ರಿಮೆಂಟ್ ಸಹಿಗೆ ಕೊಟ್ಟಾಗ ಮನೆಗೆ ತೆಗೆದುಕೊಂಡು ಹೋಗುತ್ತೇನೆ, ನಾಳೆ ಕೊಡುತ್ತೇನೆ ಎಂದು ಹೇಳಿ. ಓದಿ ಅರ್ಥ ಆಗದ ಸಾಲು ಇದ್ದರೆ, ಹೆಸರು, ಮೊತ್ತ ಎಲ್ಲ ಮುಚ್ಚಿ, ಆ ಸಾಲನ್ನಷ್ಟೇ ಈ ಉತ್ತರದ ಕೆಳಗೆ ಬರೆಯಿರಿ. ಶುಕ್ರವಾರದವರೆಗೆ ನನಗೆ ಶೂಟಿಂಗ್ ಇಲ್ಲ.